ನಿನಗ ಸೇರತೈತೇನು

ಫೆಬ್ರುವರಿ ೨, ಸೋಮವಾರ

ಬಚ್ಚಲದಲ್ಲಿ ಜಾರಿ ಬಿದ್ದೆ. ಬಲಗಾಲ ಪಾದದ ಕೀಲಿನ ಎಲುಬು ಬಿರಿದಿದೆಯಂತೆ. ಹುಬ್ಬಳ್ಳಿಯ ಡಾಕ್ಟರು ಮೊಣಕಾಲಿನವರೆಗೆ ಪ್ಲಾಸ್ಟರು ಕಟ್ಟಿ, ಆರು ವಾರ ಈ ಕಾಲು ನೆಲಕ್ಕೆ ಊರಬಾರದು ಅಂದರು. ನನ್ನ ಮಂಚವನ್ನು ಪಡಸಾಲೆಗೆ ತಂದು ಹಾಕಿದ್ದಾರೆ. ಇಪ್ಪತ್ತೆಂಟು ವರ್ಷ ದುಡಿದ ಮನೆಯನ್ನು ಇನ್ನು ಮಂಚದ ಮೇಲೆ ಕೂತೇ ನಡೆಸಬೇಕು. ನಡೆಸುತ್ತೇನೆ. ಬಾಯಿಗೇನು ಪ್ಲಾಸ್ಟರು ಹಾಕಿಲ್ಲವಲ್ಲ.

ಸಾಯುವ ಮುಂಚೆ ನಮ್ಮ ಅತ್ತೆ ನನ್ನ ಕೈ ಹಿಡಿದು, "ಮಹಾದೇವಿ, ಈ ಮನ್ಯಾಗ ಒಲಿ ಎರಡಾಗಬಾರದು" ಅಂದಿದ್ದರು. ಊರಲ್ಲಿ ಅಣ್ಣ ತಮ್ಮಂದಿರು ಕೂಡಿ ಇರುವ ಮನೆ ಎಷ್ಟು ಉಳಿದಿವೆ? ನಮ್ಮದು ಉಳಿದಿದೆ. ಯಜಮಾನರು ಶಂಭುಲಿಂಗಪ್ಪನವರು ಹೊಲ, ಮೆಣಸಿನಕಾಯಿ ನೋಡಿಕೊಳ್ಳುತ್ತಾರೆ. ಮೈದುನ ಸಂಗನಬಸವ ಕುಂದಗೋಳದ ಹೈಸ್ಕೂಲಿನಲ್ಲಿ ಮಾಸ್ತರ, ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ಅವನ ಹೆಂಡತಿ ರೋಹಿಣಿ ಅಣ್ಣಿಗೇರಿಯವಳು, ಬಂದು ಮೂರು ವರ್ಷವಾಯಿತು. ಗುಣ ಒಳ್ಳೆಯದು, ಕೈ ಸ್ವಲ್ಪ ನಿಧಾನ. ನನ್ನ ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಯಲ್ಲಿರುವುದರಿಂದ ಈಗ ಎಲ್ಲ ಅವಳ ಮೇಲೇ ಬಿತ್ತು. ನಾನು ಬಾಜುವಿಗೇ ಇದ್ದು ಹೇಳಿಕೊಟ್ಟರೆ ಮಾಡುತ್ತಾಳೆ.

ಫೆಬ್ರುವರಿ ೫, ಗುರುವಾರ

ಇವತ್ತು ಒಂದು ವಿಚಿತ್ರ ನೋಡಿದೆ. ಊಟವಾದ ಮೇಲೆ ಟಿವಿ ಹಚ್ಚಿ ಏನೋ ಒತ್ತುತ್ತಿದ್ದೆ. ನುಣ್ಣಗಿನ ಬಿಳಿ ನೆಲ, ಅದರ ಮೇಲೆ ಒಬ್ಬ ಗಂಡಸು ಬಗ್ಗಿ ಜೀವ ಹೋಗುವ ಹಾಗೆ ಕಸ ಗುಡಿಸುತ್ತಿದ್ದ. ನೆಲ ಒರೆಸುವ ಔಷಧದ ಜಾಹೀರಾತು ಅಂದುಕೊಂಡೆ. ಎಷ್ಟು ಹೊತ್ತಾದರೂ ಬಾಟ್ಲಿ ತೋರಿಸಲೇ ಇಲ್ಲ.

"ರೋಹಿಣೀ, ಲಗೂನ ಬಾ ಬೇ. ಗಂಡಸು ಕಸಾ ಹೊಡಿಯಾಕತ್ತಾನ" ಅಂದೆ.

ಕೈಗೆ ಹತ್ತಿದ ರೊಟ್ಟಿ ಹಿಟ್ಟಿನ ಸಮೇತ ಓಡಿ ಬಂದಳು. ಒಂದು ಕೈ ಒರೆಸಿಕೊಂಡು ಫೋನಿನಲ್ಲಿ ಹುಡುಕಿ, ಇದು ಇಟಲಿಯಲ್ಲಿ ನಡೆದಿರುವ ಚಳಿಗಾಲದ ಒಲಿಂಪಿಕ್ಸು, ಆಟದ ಹೆಸರು ಕರ್ಲಿಂಗ್ ಅಂದಳು. ನಮ್ಮ ಬೀಸುಕಲ್ಲಿಗೆ ಹಿಡಿಕೆ ಇರುವ ಹಾಗೆ ಅಲ್ಲಿಯೂ ಗುಂಡುಕಲ್ಲಿಗೆ ಹಿಡಿಕೆ. ಬರ್ಫದ ಮೇಲೆ ಅದನ್ನು ನೂಕುತ್ತಾರೆ, ಕಸಬರಿಗೆ ಹಿಡಿದವರು ಅದರ ಮುಂದೆ ತಿಕ್ಕುತ್ತ ಹೋಗುತ್ತಾರೆ. ತಿಕ್ಕಿದಷ್ಟೂ ಕಲ್ಲು ದೂರ ಹೋಗುತ್ತದಂತೆ. ಕಲ್ಲು ಹೋಗಿ ನಿಲ್ಲಬೇಕಾದ ಬಣ್ಣದ ಸುತ್ತನ್ನು ಅವರು 'ಮನೆ' ಅಂತಲೇ ಅನ್ನುತ್ತಾರಂತೆ. ಇದು ನನಗೆ ಬಹಳ ಹಿಡಿಸಿತು.

"ಏನು ಮಂದಿನೋ. ನಾವು ಹುಟ್ಟಿದಾಗಿಂದ ಗುಡಸಾಕತ್ತೇವಿ, ನಮಗ ಒಂದು ಪದಕಾ ಕೊಟ್ಟಾರ?" ಅಂದೆ. ರೋಹಿಣಿ ನಕ್ಕಳು. ಮೂರು ವರ್ಷದಲ್ಲಿ ಇಷ್ಟು ನಕ್ಕದ್ದನ್ನು ನೋಡಿರಲಿಲ್ಲ. ಹಿಟ್ಟಿನ ಕೈ ಮೇಲೆ ಹಿಡಿದುಕೊಂಡು ನಿಂತೇ ಇದ್ದಳು. ಕುಂದ್ರು ಅಂದೆ, ಕೂತಳು.

ಅವಳಿಗೂ ಹಿಡಿಸಿತೋ ಇಲ್ಲವೋ ನೋಡಲು, "ನಿನಗ ಸೇರತೈತೇನು?" ಅಂತ ಕೇಳಿದೆ.

"ಹೂನ್ರಿ ಅಕ್ಕಾ, ಚೊಲೋ ಐತಿ" ಅಂದಳು.

ರಾತ್ರಿಯ ರೊಟ್ಟಿ ತಡವಾಯಿತು. ಇರಲಿ.

ಫೆಬ್ರುವರಿ ೭, ಶನಿವಾರ

ಬೇರೆ ಆಟಗಳನ್ನೂ ನೋಡಿದೆವು. ಒಬ್ಬ ಮಲಪ್ರಭಾ ಕಾಲುವೆಯ ಏರಿಯ ಹತ್ತು ಪಟ್ಟು ಎತ್ತರದಿಂದ ಕಾಲಿಗೆ ಹಲಗೆ ಕಟ್ಟಿಕೊಂಡು ಹಾರಿದ. ನೋಡಿ ನನ್ನ ಪ್ಲಾಸ್ಟರಿನ ಕಾಲು ತಾನೇ ನೋಯತೊಡಗಿತು. ಬಚ್ಚಲದಲ್ಲಿ ಬಿದ್ದವಳು ನಾನು, ನನಗೆ ಅದು ಬೇಡ. ಜೋಡಿ ಕುಣಿಯುವುದೂ ಇತ್ತು. ಆ ಹುಡುಗಿಯ ಬಟ್ಟೆ ನೋಡಿ ನಮ್ಮ ಯಜಮಾನರು, "ಅಷ್ಟು ಥಂಡ್ಯಾಗ ಅಷ್ಟ ಅರಬಿ ಸಾಕಾಗತೈತೇನು?" ಅಂದರು. ಸಾಕೋ ಬೇಡವೋ ಎಂಬುದನ್ನು ಪೂರ್ತಿ ಹೊತ್ತು ನಿಂತೇ ಪರೀಕ್ಷಿಸಿದರು. ಕಸಬರಿಗೆ ಆಟ ಬಂದ ಕೂಡಲೆ ಹೊಲದ ನೆನಪಾಗಿ ಹೋದರು.

ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುವ ಖಾಸಿಂಬಿಯೂ ಬಾಗಿಲಲ್ಲಿ ನಿಂತು ನೋಡಿದಳು. "ಇಂಥಾ ಬರ್ಫದಾಗ ಮನಿಯೊಳಗ ಕುಂತು ಚಾ ಕುಡಿಯೂದು ಬಿಟ್ಟು ಯಾಕ್ರಿ ಸಾಯ್ತಾರ?" ಅಂದಳು. ಎಲ್ಲರಿಗೂ ಈ ರುಚಿ ಹತ್ತುವುದಿಲ್ಲ. ನನಗೂ ರೋಹಿಣಿಗೂ ಹತ್ತಿದೆ.

ಫೆಬ್ರುವರಿ ೧೦, ಮಂಗಳವಾರ

ಈಗ ಇದೊಂದು ರೂಢಿಯೇ ಆಯಿತು. ಊಟವಾಯಿತೆಂದರೆ ರೋಹಿಣಿ ಬಂದು ನನ್ನ ಕಾಲ ಕೆಳಗೆ ದಿಂಬು ಸರಿಮಾಡಿ, ಮಂಚದ ಬಾಜು ಗೋಡೆಗೆ ಆತು ಕೂಡುತ್ತಾಳೆ. ಅಂಗಳದಲ್ಲಿ ಕಾಯಿಯ ರಾಶಿ, ಘಾಟಿಗೆ ಇಬ್ಬರೂ ಸೀನುತ್ತ ಸೀನುತ್ತ ನೋಡುತ್ತೇವೆ. ಆ ಹೊತ್ತಿಗೆ ಅವಳ ಪಾಲಿನ ತೊಟ್ಟು ಬಿಡಿಸುವ ಕೆಲಸವನ್ನೂ ಖಾಸಿಂಬಿಗೇ ಹಚ್ಚಿದ್ದೇನೆ. ಎರಡು ತಾಸು ಬಿಟ್ಟರೆ ಮನೆ ಮುಳುಗುವುದಿಲ್ಲ.

ಮುಂಜಾನೆ ಅವಳಿಗೆ ಹೆಚ್ಚೇನೂ ಹೇಳಿರಲಿಲ್ಲ. ಹಾಸಿಗೆ ಬಿಸಿಲಿಗೆ ಹಾಕು, ಜೋಳ ಹಸನು ಮಾಡಿ ಗಿರಣಿಗೆ ಕಳಿಸು, ಹಿತ್ತಲ ತೊಳೆ, ಬರುವಾಗ ಬಾಜುಮನೆ ಶಾರದವ್ವನ ಕಡೆಯಿಂದ ಹೆಪ್ಪು ತಾ ಅಂದಿದ್ದೆ, ಅಷ್ಟೆ. ನಾನು ಯಾರಿಗೂ ಕೆಲಸ ಹೇಳಿ ಹೇಳಿ ಕಾಡುವವಳಲ್ಲ. ನಮ್ಮ ಅತ್ತೆ ಕಾಡುತ್ತಿದ್ದರು. ಇವತ್ತು ಆಟದ ನಡುವೆ ಅದನ್ನೆಲ್ಲ ರೋಹಿಣಿಗೆ ಹೇಳಿದೆ. ನಾನು ಬಾಣಂತನ ಮುಗಿಸಿ ಬಂದ ಮರುದಿನವೇ ಬೀಸುಕಲ್ಲಿನ ಮುಂದೆ ಕೂಡಿಸಿದ್ದು, ಹಿತ್ತಲದಲ್ಲಿ ಒಬ್ಬಳೇ ಅತ್ತದ್ದು. ನನ್ನ ಮಕ್ಕಳಿಗೂ ಹೇಳಿದ ಮಾತಲ್ಲ ಅದು.

"ನಿನಗ ಹಂಗ ಆಗಬಾರದಂತ ನಾ ಅಂದಕೊಂಡೇನಿ" ಅಂದೆ.

ರೋಹಿಣಿ ಟಿವಿಯ ಮೇಲಿನ ಕಣ್ಣು ತೆಗೆಯದೆ, "ಹೌದ್ರಿ" ಅಂದಳು. ಆಟ ಅಷ್ಟು ರಂಗಿಗೆ ಬಂದಿತ್ತು.

ಫೆಬ್ರುವರಿ ೧೩, ಶುಕ್ರವಾರ

ಇವತ್ತು ನಕ್ಕು ನಕ್ಕು ಹೊಟ್ಟೆ ನೋಯುತ್ತಿದೆ.

ಬರೀ ಹೆಂಗಸರ ಆಟ ಸುರುವಾಗಿದೆ. ನಾಲ್ಕು ಜನ. ಒಬ್ಬಾಕೆ ಆಚೆ ತುದಿಯ 'ಮನೆ'ಯಲ್ಲಿ ನಿಂತು ಗಂಟಲು ಹರಿದುಕೊಂಡು ಕೂಗುತ್ತಾಳೆ, ಉಳಿದವರು ಗುಡಿಸುತ್ತಾರೆ. ಕೂಗುವಾಕೆಯೇ ನಾಯಕಿ. ಅವಳ ಲೆಕ್ಕ ತಪ್ಪಿದರೆ ಎಲ್ಲ ತಪ್ಪಿತು. ಹೊರಗಿನಿಂದ ನೋಡುವವರಿಗೆ ಸುಮ್ಮನೆ ನಿಂತು ಒದರುತ್ತಾಳೆ ಅನ್ನಿಸಬೇಕು.

ರೋಹಿಣಿ ಸಂಜೆ ಕಾಯಿಪಲ್ಲೆಗೆ ಹೋದವಳು ಎರಡು ಹೊಸ ಕಸಬರಿಗೆ ತಂದಳು. ಮನೆಯಲ್ಲಿದ್ದದ್ದು ಇನ್ನೂ ಗಟ್ಟಿಯಾಗಿತ್ತು. ಇದೆಂಥ ದಂಡ ಖರ್ಚು ಅನ್ನುವಷ್ಟರಲ್ಲಿ ನನಗೆ ಹೊಳೆಯಿತು. "ಆಟಕ್ಕ ತಂದೀ ಹೌದಲ್ಲ, ಕಳ್ಳೀ" ಅಂದೆ. ಅವಳ ಮುಖ ಕೆಂಪಾಯಿತು. ಸಿಕ್ಕಿಬಿದ್ದ ಹುಡುಗಿಯ ಹಾಗೆ ನಿಂತಳು.

ಹಿತ್ತಾಳೆಯ ಡಬ್ಬಿಯ ಮುಚ್ಚಳ ಬೋರಲು ಹಾಕಿಸಿದೆ. ಪಡಸಾಲೆಯ ಕರಿಕಲ್ಲಿನ ನೆಲದ ಮೇಲೆ ಸುಣ್ಣದಿಂದ ಸುತ್ತು ಬರೆಸಿದೆ. ರೋಹಿಣಿಗೊಂದು ಕಸಬರಿಗೆ, ಖಾಸಿಂಬಿಗೊಂದು. ಮಂಚದ ಮೇಲೆ ಕೂತು ನಾನು ಊರುಗೋಲಿನಿಂದ ಮುಚ್ಚಳ ನೂಕಬೇಕು, ಅವರು ಮುಂದೆ ತಿಕ್ಕಬೇಕು. "ಜೋರ, ರೋಹಿಣಿ, ಜೋರ. ಖಾಸಿಂಬಿ, ನಿಂದು ಸಾಕು, ಬಿಡು" ಅಂತ ನಾನು ಕೂಗಿದ್ದಕ್ಕೆ ಶಾರದವ್ವ ಗೋಡೆಯಾಚೆಯಿಂದ ಯಾರಿಗೆ ಏನಾಯಿತು ಅಂತ ಕೇಳಿದಳು. ಕೊನೆಗೆ ಮುಚ್ಚಳ ಸುತ್ತಿನ ನಟ್ಟನಡುವೆ ಹೋಗಿ ನಿಂತಿತು. ರೋಹಿಣಿ ಕಸಬರಿಗೆ ಮೇಲೆತ್ತಿ ಕುಣಿದಳು. ಸೆರಗು ಜಾರಿದ್ದೂ ತಿಳಿಯಲಿಲ್ಲ ಅವಳಿಗೆ.

ಒಡಹುಟ್ಟಿದವರಲ್ಲೂ ಇಷ್ಟು ಸಲಿಗೆ ಇರುವುದಿಲ್ಲ. ನೆಗೆಣ್ಣಿಯರೆಂದರೆ ಹಾವು ಮುಂಗುಲಿ ಅನ್ನುತ್ತಾರೆ ಜನ. ನಮ್ಮ ಮನೆಗೆ ಬಂದು ನೋಡಬೇಕು ಅವರು.

ರಾತ್ರಿ ನೋಡಿದರೆ ಮೂಲೆಯಲ್ಲಿ ಒಂದೇ ಹೊಸ ಕಸಬರಿಗೆ ಇತ್ತು. ಇನ್ನೊಂದನ್ನು ಎಲ್ಲಿಟ್ಟಳೋ.

ಫೆಬ್ರುವರಿ ೧೫, ಭಾನುವಾರ, ಶಿವರಾತ್ರಿ

ಉಪವಾಸ. ಕುಂತಲ್ಲೇ ಲಿಂಗಪೂಜೆ ಮಾಡಿದೆ. ಯಜಮಾನರೂ ಸಂಗನಬಸವನೂ ಹಿತ್ತಲದಲ್ಲಿ ಬಹಳ ಹೊತ್ತು ಗುಸುಗುಸು ಮಾತಾಡಿದರು. ಊರುಗೋಲಿನ ಸಪ್ಪಳ ಕೇಳಿ ಸುಮ್ಮನಾದರು. "ಏನ್ ನಡದೈತ್ರಿ?" ಅಂದೆ. "ಕಾಯಿ ರೇಟಿಂದು" ಅಂದರು. ಕಾಯಿ ರೇಟು ಮಾತಾಡುವಾಗ ಇವರು ಊರಿಗೇ ಕೇಳುವ ಹಾಗೆ ಮಾತಾಡುತ್ತಾರೆ. ಹೋಗಲಿ, ಏನೋ ಇದ್ದೀತು.

ಫೆಬ್ರುವರಿ ೧೮, ಬುಧವಾರ

ಇವತ್ತು ಆಟ ನೋಡಲಿಲ್ಲ.

ಫೆಬ್ರುವರಿ ೧೯, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆಯದೆ ಇದ್ದರೆ ಎದೆ ಒಡೆಯುತ್ತದೆ.

ನಿನ್ನೆ ಮಧ್ಯಾಹ್ನ ಖಾಸಿಂಬಿ ಪಡಸಾಲೆಯ ಕಸ ಗುಡಿಸುತ್ತಿದ್ದಳು. ಹೊಸ ಕಸಬರಿಗೆ ಚೊಲೋ ಐತಿ, ಅಕ್ಕಾರ, ಅಂದಳು. ಆಟಕ್ಕೆ ತಂದದ್ದು, ನೆಲಕ್ಕೆ ಹಾಕಬೇಡ ಅಂದೆ.

"ಆಟಕ್ಕ ಯಾಕ್ರಿ? ಹೊಸಾ ಮನಿಗೆ ಹಳೀ ಕಸಬರಿಗಿ ಒಯ್ಯಬಾರದಲ್ರಿ, ಅದಕ್ಕ ಸಣ್ಣಕ್ಕಾರು ತಗೊಂಡಾರ. ನಾನೂ ಅಂಗಡ್ಯಾಗ ಇದ್ದೆ. ಒಂದ ಸಾಕಲ್ರಿ ಅಂದೆ. ಇನ್ನೊಂದು ನಮ್ಮ ಅಕ್ಕಾರಿಗೆ ಅಂದ್ರು."

"ಯಾವ ಹೊಸಾ ಮನಿ?" ಅಂದೆ.

ಖಾಸಿಂಬಿಯ ಕೈ ಅಲ್ಲೇ ನಿಂತಿತು. ಅವಳ ಮುಖ ನೋಡಿಯೇ ನನಗೆ ಎಲ್ಲ ತಿಳಿಯಿತು. ತೊಟ್ಟು ಬಿಡಿಸುವವಳಿಗೆ ಗೊತ್ತು, ಅಂಗಡಿಯವನಿಗೆ ಗೊತ್ತು, ಊರಿಗೆಲ್ಲ ಗೊತ್ತು. ಹೊಸ ಮನೆಗೆ ಹೊಸ ಕಸಬರಿಗೆ ಅನ್ನುವುದು ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾದ ಮಾತಲ್ಲ. ಎರಡೂ ಕಸಬರಿಗೆ ನನ್ನ ಕಣ್ಣೆದುರಿಗೇ ಬಂದವು, ಅವುಗಳ ಮುಂದೆ ಕೂತು ನಾನು ಕುಣಿದಾಡಿದೆ.

ಸಂಜೆ ಎಲ್ಲರನ್ನೂ ಪಡಸಾಲೆಗೆ ಕರೆದೆ. "ಯಾವಾಗ ಹೋಗೂದು?" ಅಂದೆ, ಸಂಗನಬಸವನ ಮುಖ ನೋಡಿ.

"ಶುಕ್ರವಾರ" ಅಂದದ್ದು ನಮ್ಮ ಯಜಮಾನರು. ಹಾಗಾದರೆ ಇವರಿಗೂ ಗೊತ್ತಿತ್ತು. "ನಿನ್ನ ಕಾಲು ನೆಟ್ಟಗಾಗೂ ತನಕ ಹೇಳೂದು ಬ್ಯಾಡ ಅಂತ ನಾನ ಅಂದಿದ್ದೆ. ಮನಿ ಮಾಲಕ ಅವಸರ ಮಾಡಿದ" ಅಂದರು. ನನ್ನ ಗಂಡ. ಬಾಜುವಿನಲ್ಲೇ ಮಲಗಿದ್ದವರು.

"ಕುಂದಗೋಳದಾಗ ಬಾಡಗಿ ಮನಿ ಹಿಡದೇನ್ರಿ ವೈನಿ. ದಿನಾ ಬಸ್ಸಿನ್ಯಾಗ ಹೋಗಿ ಬರೂದು ಆಗವಲ್ದು" ಅಂದ ಸಂಗನಬಸವ. ಕುಂದಗೋಳವೇನು ಕಾಶಿಯೇ? ಇಷ್ಟು ವರ್ಷ ಆಗದ ದಣಿವು ಈಗ ಆಯಿತಂತೆ ಅವನಿಗೆ. ಅವನಿಗೆ ಹಿಂದಿನಿಂದ ಯಾರು ಹೇಳಿಕೊಟ್ಟರೆಂದು ನನಗೆ ತಿಳಿಯದೇ?

ನಾನು ರೋಹಿಣಿಯ ಕಡೆ ತಿರುಗಿದೆ. "ದಿನಾ ನನ್ನ ಬಾಜೂಕ ಕುಂತಿ. ನಕ್ಕಿ, ಕುಣದಿ. ಅವಾಗ ಹೇಳಾಕ ನಿನಗ ಬಾಯಿ ಇರಲಿಲ್ಲೇನು?"

ಅವಳು ನೆಲ ನೋಡುತ್ತ ನಿಂತಿದ್ದಳು. ಅತ್ತು ಕಾಲು ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ನನಗ ಆ ಆಟ ಸೇರೂದಿಲ್ರಿ ಅಕ್ಕಾ" ಅಂದಳು. "ಮೊದಲನೇ ದಿನದಿಂದನ ಸೇರಿಲ್ಲ."

ನಾನು ಹೊಸ ಮನೆಯ ಮಾತು ಕೇಳಿದರೆ ಇವಳು ಆಟದ ಮಾತು ಹೇಳುತ್ತಾಳೆ. "ಮತ್ತ ಕುಂತಿ ಯಾಕ?"

"ಕುಂದ್ರಾಕ ಸಿಗತಿತ್ರಿ, ಅದಕ್ಕ ಕುಂತೆ. ನೀವು ಆಟ ನೋಡೂ ಮುಂದ ನನಗ ಏನೂ ಹೇಳ್ತಿರಲಿಲ್ಲ."

ಯಜಮಾನರು, "ಏನ ಮಾತಾಡ್ತಿ" ಅಂತ ಅವಳನ್ನು ಬೈಯಬಹುದಿತ್ತು, ಬೈಯಲಿಲ್ಲ. ಬಾಗಿಲ ಕಡೆ ನೋಡುತ್ತ ನಿಂತರು.

"ಸೇರೂದಿಲ್ಲ ಅಂದದ್ದು ಆಟಾನೋ, ನನ್ನೋ?" ಅಂದೆ. ನಮ್ಮ ಕಡೆ ಎರಡಕ್ಕೂ ಅದೊಂದೇ ಮಾತು.

"ಮತ್ತ ಅವತ್ತು ಮುಚ್ಚಳಾ ನೂಕಿ ಆಡಿದ್ದು? ಅದೂ ಸುಳ್ಳೇನು?"

ರೋಹಿಣಿ ಒಂದು ಸಲ ನನ್ನ ಮುಖ ನೋಡಿದಳು, ಮತ್ತೆ ನೆಲ ನೋಡಿದಳು.

ನಂಬಿದ ಎಮ್ಮೆ ಕೋಣ ಈಯಿತು ಅಂದರೆ ಇದೇ. ಬೇರೆ ಆಗುತ್ತೇವೆ ಅಂದದ್ದನ್ನು ಹೇಗಾದರೂ ನುಂಗೇನು. ಊರಲ್ಲಿ ಎಲ್ಲರೂ ಬೇರೆ ಆಗುತ್ತಾರೆ, ಅತ್ತೆಗೆ ಮೇಲೆ ಹೋದ ಮೇಲೆ ಉತ್ತರ ಹೇಳಿಕೊಳ್ಳುತ್ತೇನೆ. ಆದರೆ ದಿನಾ ನಾನು ಸೇರತೈತೇನು ಅಂತ ಕೇಳಿದೆ, ದಿನಾ ಹೂನ್ರಿ ಅಂದಳು. ಹಿತ್ತಲದಲ್ಲಿ ಅತ್ತದ್ದನ್ನು ಇವಳಿಗೆ ಹೇಳಿದೆನಲ್ಲ, ಆಗಲೂ ಇವಳು ಬರೇ ಕಾಲು ಚಾಚಿ ದಣಿವಾರಿಸಿಕೊಳ್ಳುತ್ತಿದ್ದಳೇ? ಅಷ್ಟು ಕೆಲಸ ನಾನೇನು ಹೇಳಿದ್ದೆ? ಯಾವ ಮನೆಯಲ್ಲಿ ಕೆಲಸ ಇಲ್ಲ? ನಾನು ಮಾಡಲಿಲ್ಲವೇ?

ಫೆಬ್ರುವರಿ ೨೦, ಶುಕ್ರವಾರ

ಹೋದರು.

ನಾನು ಮಾತಾಡುವುದಿಲ್ಲ, ಮುಖ ನೋಡುವುದಿಲ್ಲ ಅಂತ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಶಾರದವ್ವ ಬಂದು, "ಮನೀ ಹೆಣ್ಣುಮಗಳು ಬರೇ ಉಡೀಲೆ ಹೊಸ್ತಲಾ ದಾಟಬಾರದು, ಏಳಬೇ ಮಹಾದೇವಿ. ಸಿಟ್ಟು ಆಮ್ಯಾಲ ಮಾಡೀಯಂತ" ಅಂದಳು. ಎದ್ದು ಕೂತೆ. ಯಜಮಾನರು ಉಡಿ ತುಂಬಲು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಖಣ ತಂದು ನನ್ನ ಬಾಜು ಇಟ್ಟರು. ಎಲ್ಲ ತಯಾರು ಮಾಡಿಯೇ ಇಟ್ಟಿದ್ದರು. ಖಣ ಯಾವುದು ಇಡಬೇಕು ಅಂತ ನನ್ನನ್ನು ಕೇಳಲಿಲ್ಲ. ಆ ಮಾಸಿದ ಹಸಿರಿನದನ್ನು ಇಟ್ಟಿದ್ದರು. ಪೆಟ್ಟಿಗೆಯಲ್ಲಿರುವ ಗುಳೇದಗುಡ್ಡದ್ದು ತರ್ರಿ ಅಂದೆ. ಮಂದಿ ನೋಡಿ ಆಡಿಕೊಳ್ಳಬಾರದಲ್ಲ, ಅದಕ್ಕೆ.

ನಾನು ಏಳಲಾರೆನಲ್ಲ, ಅವಳೇ ಮಂಚದ ಹತ್ತಿರ ಬಗ್ಗಿ ಸೆರಗು ಚಾಚಿದಳು. ಹಿಡಿ ಹಿಡಿ ಹಾಕಿದೆ. ಇಷ್ಟು ಹತ್ತಿರದಿಂದ ಅವಳ ಕೈ ನಾನು ನೋಡಿರಲಿಲ್ಲ. ಬೆರಳ ಸಂದಿಯೆಲ್ಲ ಖಾರದ ಉರಿಗೆ ಕೆಂಪಾಗಿ ಚರ್ಮ ಎದ್ದಿತ್ತು. ಎಣ್ಣೆ ಹಚ್ಚಿಕೊಳ್ಳಬೇಕು ಅಂತ ಹೇಳುವವಳಿದ್ದೆ, ಹೇಳಲಿಲ್ಲ.

ನಮಸ್ಕಾರ ಮಾಡಿದಳು. ಕಾಲಿಗೆ ಕೈ ಮುಟ್ಟಿಸಿದ್ದು ಪ್ಲಾಸ್ಟರಿನ ಮೇಲೆ. ನನಗೇನೂ ತಿಳಿಯಲಿಲ್ಲ.

"ಬರತೇನ್ರಿ ಅಕ್ಕಾ" ಅಂದಳು.

"ಹೂಂ" ಅಂದೆ.

ಫೆಬ್ರುವರಿ ೨೧, ಶನಿವಾರ

ಯಜಮಾನರು ಉಪ್ಪಿಟ್ಟು ಮಾಡಿದರು. ರವೆ ಹುರಿದಿರಲಿಲ್ಲ. ಹೇಗಿದೆ ಅಂತ ಕೇಳಿದರು. ಚೊಲೋ ಐತಿ ಅಂದೆ.

ಒಲೆ ಒಂದೇ ಉಳಿಯಿತು ಈಗಲೂ, ಅತ್ತೀ.

ಫೆಬ್ರುವರಿ ೨೨, ಭಾನುವಾರ

ಹೆಂಗಸರ ಆಟದ ಕೊನೆಯ ಪಂದ್ಯ ಇವತ್ತು. ನೋಡಬಾರದು ಅಂದುಕೊಂಡಿದ್ದೆ. ಊಟವಾದ ಮೇಲೆ ಸುಮ್ಮನೆ ಗೋಡೆ ನೋಡುತ್ತ ಎಷ್ಟು ಹೊತ್ತು ಕೂಡುವುದು? ಹಚ್ಚಿದೆ.

ಯಜಮಾನರು ಹೊರಗೆ ಹೊರಟವರು ನನ್ನ ಕಡೆ ನೋಡಿ, ಏನನ್ನಿಸಿತೋ, ಚಪ್ಪಲಿ ಬಿಟ್ಟು ಒಳಗೆ ಬಂದರು. ಗೋಡೆಗೆ ಆತು ಕೂತರು. ಎರಡೂ ಚಳಿ ದೇಶದ ತಂಡಗಳು, ಒಂದಕ್ಕೊಂದು ಬಿಟ್ಟುಕೊಡುತ್ತಿರಲಿಲ್ಲ. ಯಾವ ಕಲ್ಲು ಯಾರದು, 'ಮನೆ'ಯ ನಡುವಿಗೆ ಹತ್ತಿರ ಇದ್ದರೆ ಹೇಗೆ, ಬೇರೆಯವರ ಕಲ್ಲನ್ನು ಹೊರಗೆ ತಳ್ಳುವುದು ಹೇಗೆ ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು. "ಹೌದೇನು", "ಭಾರೀ ಐತಿ" ಅನ್ನುತ್ತಿದ್ದರು. ಭಾರೀ ಐತಿ ಅಂದದ್ದು ಒಮ್ಮೆ ಕಲ್ಲು ತಪ್ಪಿ ಹೊರಗೆ ಹೋದಾಗ.

"ನಿಮಗ ಸೇರತೈತೇನ್ರಿ?" ಅಂತ ಕೇಳಿದೆ.

"ಹೂಂ. ಯಾಕ ಸೇರೂದಿಲ್ಲ?" ಅಂದರು.

ಮುಖ ನೋಡಿದೆ. ಸುಳ್ಳೋ ಖರೆಯೋ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ನೋಡಿದ ಮುಖ. ಜೋಳದ ರೊಟ್ಟಿ ಸೇರುತ್ತದೆ ಅಂದಿದ್ದರು, ಯಮನೂರಿಗೆ ಹೋಗಿ ಬರೋಣ ಅಂದರೆ ಆಗಲಿ ಅಂದಿದ್ದರು, ಅತ್ತೆ ಹೋದ ಮೇಲೆ ಮನೆಯನ್ನು ನೀನೇ ನಡೆಸು ಅಂದಿದ್ದರು. ಒಂದೊಂದಾಗಿ ನೆನಪಾಗತೊಡಗಿತು. ಯಾವುದನ್ನು ನಂಬಲಿ, ಯಾವುದನ್ನು ಬಿಡಲಿ? ರೋಹಿಣಿ ಹೋಗುವಾಗ ತನ್ನ ಸಾಮಾನಷ್ಟೇ ಒಯ್ದಳು ಅಂದುಕೊಂಡಿದ್ದೆ.

"ಖರೇ ಹೇಳ್ರಿ" ಅಂದೆ. "ಸೇರದಿದ್ರ ಎದ್ದು ಹೋಗ್ರಿ. ನಾ ಏನೂ ಅನ್ನೂದಿಲ್ಲ."

"ಅನ್ನೂದಿಲ್ಲ?"

"ಇಲ್ಲ."

ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಎದ್ದರು. ಮೊಣಕಾಲು ನೋವು ಅಂತ ದಿನಾ ಗೋಡೆ ಹಿಡಿದು ಏಳುವ ಮನುಷ್ಯ, ಗೋಡೆ ಮುಟ್ಟಲಿಲ್ಲ. ಹೊಸ್ತಿಲು ದಾಟಿದ ಮೇಲೆ ಅಂಗಳದಲ್ಲಿ ಖಾಸಿಂಬಿಯ ಕೂಡ ಮಾತಾಡುವುದು ಕೇಳಿಸಿತು. ದನಿ ಎಷ್ಟು ಹಗುರ ಇತ್ತು.

ನಾನು ಒಬ್ಬಳೇ ನೋಡಿದೆ. ಕೊನೆಯ ಕಲ್ಲಿನ ತನಕ ಯಾರು ಗೆಲ್ಲುತ್ತಾರೆಂದು ಹೇಳುವ ಹಾಗಿರಲಿಲ್ಲ. ಆ ಕಲ್ಲು ಹೊರಟಾಗ ನಾನು ಕೂಗಲಿಲ್ಲ, ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡೆ. ಆಟ ಬಹಳ ಚೆನ್ನಾಗಿತ್ತು. ನನಗೆ ಮಾತ್ರ ಮೊದಲನೇ ದಿನದಿಂದ ಖರೆಯಾಗಿಯೇ ಸೇರಿತ್ತು. ಹೇಳಿದರೆ ನಂಬುವವರು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆದೆ.